ಕಲ್ಲಿನ ಇನ್ನೊಂದು ಮಗ್ಗುಲು

ಶಹಾಬಾದಿನಲ್ಲಿ ಕಲ್ಲನ್ನು ಎಸೆಯುವವರು ಯಾರೂ ಇಲ್ಲ. ಮನೆ ಕೆಡವಿದರೆ ನೆಲದ ಫರಸಿಕಲ್ಲು ಬಚ್ಚಲಿಗೆ ಹೋಗುತ್ತದೆ, ಬಚ್ಚಲು ಕೆಡವಿದರೆ ಚರಂಡಿ ಮುಚ್ಚುತ್ತದೆ. ಒಂದು ಮೈ ಸವೆದರೆ ಮಗುಚಿ ಹಾಕುತ್ತಾರೆ. ಅಮೃತಪ್ಪ ಸಾಹುಕಾರರಂತೂ ಗಣಿಗಳ ಒಡೆಯರು. ಆದರೂ ಹೆತ್ತ ತಂದೆಯ ಹೆಸರು ಕೆತ್ತಿಸಲು ಅವರಿಗೆ ಒಂದು ಹೊಸ ಕಲ್ಲು ಕೊಡುವ ಮನಸ್ಸಾಗಲಿಲ್ಲ. ಅಂಥ ಜಿಪುಣ!

ಆ ಹೆಸರು ಇರುವುದು ಊರ ಉದ್ಯಾನದ ಗೋಡೆಯಲ್ಲಿ: ‘ಜಗದೇವಪ್ಪ ಉದ್ಯಾನ’. ಆದರೆ ನೆಲ ಜಗದೇವಪ್ಪನದಲ್ಲ, ಇದೇ ಊರಿನ ಲುಂಬಿನಿಯ ಆಯಿ, ಅಂದರೆ ಅಜ್ಜಿ, ರಮಾಬಾಯಿಯದು. ರಮಾಬಾಯಿಯ ಕಿರಿಮಗ ಜೈಭೀಮ ಆಡುತ್ತಾ ಹೋಗಿ ಜಗದೇವಪ್ಪನ ಪಾಳುಗಣಿಯ ನೀರಿಗೆ ಬಿದ್ದು ಸತ್ತ. ಆ ಗಣಿಗೆ ಒಂದು ಬೇಲಿಯೂ ಇರಲಿಲ್ಲ. ಹೆಣ ಮೇಲೆತ್ತಿದಾಗ ಜಗದೇವಪ್ಪ ಆ ಕಡೆ ತಲೆಹಾಕಲಿಲ್ಲ. ಊರ ಮಕ್ಕಳು ಇನ್ನು ಗಣಿಯ ಕಡೆ ಹೋಗದಿರಲೆಂದು ರಮಾಬಾಯಿ ಬಾವಿಯ ಸಮೇತ ತನ್ನ ತುಂಡು ಹೊಲವನ್ನು ಅವರ ಆಟಕ್ಕೆ ಬಿಟ್ಟುಕೊಟ್ಟಳು. ಬೇವು ನೆಟ್ಟಳು. ಕಲ್ಲು ಕೆತ್ತುವ ಬಂದೇಅಲಿಯಿಂದ ನಾಲ್ಕು ಸಾಲು ಕೆತ್ತಿಸಿ ಬಾಗಿಲಲ್ಲಿ ನಿಲ್ಲಿಸಿದಳು.

ಮುಂದೆ ಜಗದೇವಪ್ಪನ ಮಗ ಅಮೃತಪ್ಪ ಸುತ್ತ ಗೋಡೆ ಕಟ್ಟಿಸಿದರು, ಗೇಟು ಹಾಕಿಸಿದರು, ದಾನಿ ಎನಿಸಿಕೊಂಡರು. ರಮಾಬಾಯಿಯ ಕಲ್ಲು ಕಾಣದಾಯಿತು. ಊರು ಬಾಯಿಗೆ ಬೀಗ ಹಾಕಿಕೊಂಡಿತು. ಮುಪ್ಪಿನಲ್ಲಿ ಒಂದು ಸಂಜೆ ರಮಾಬಾಯಿ ಮೊಮ್ಮಗಳು ಲುಂಬಿನಿಯ ಕೈ ಹಿಡಿದು ತನ್ನ ಬೇವಿನ ನೆರಳಿಗೆ ಹೊರಟಾಗ ಗೇಟಿನಲ್ಲಿ ಅಮೃತಪ್ಪ ನಿಂತಿದ್ದರು.

“ಏ ಮುದುಕಿ, ಹೊರಗ ಕುಂದ್ರು. ದೊಡ್ಡ ಮಂದಿ ಬರ್ಲಿಕತ್ತಾರ.”

ರಮಾಬಾಯಿ ತಿರುಗಿ ಬಂದಳು, ಮತ್ತೆ ಹೋಗಲೇ ಇಲ್ಲ. ಲುಂಬಿನಿ ಆಗ ಏಳನೇ ಇಯತ್ತೆ. ಆಮೇಲೆ ಆಕೆಗೆ ಮದುವೆಯಾಯಿತು, ಮಕ್ಕಳಾದವು, ವಾರ್ಡಿನ ಮೆಂಬರೂ ಆದಳು. ಹೊಟ್ಟೆಯೊಳಗಿನ ಕಿಚ್ಚು ಮಾತ್ರ ಆರಲಿಲ್ಲ.

ಹೋದ ವರ್ಷ ಹಾಸಿಗೆ ಹಿಡಿದಿದ್ದ ಬಂದೇಅಲಿ ಆಕೆಯನ್ನು ಕರೆಸಿಕೊಂಡ.

“ಬೇಟಿ, ಗ್ವಾಡ್ಯಾಗ ಇರೋದು ನಿಮ್ಮ ಆಯಿ ಕಲ್ಲೇ. ಮೊದಲಿನ ಅಕ್ಷರ ಎಲ್ಲಾ ಉಳಿ ಹಾಕಿ ತೆಗಿ, ಮಗುಚಿ ಹಿಂದ ನಮ್ಮಪ್ಪನ ಹೆಸರು ಕೆತ್ತು ಅಂದಿದ್ದ ಸಾಹುಕಾರ. ತೆಗೆದೀನ್ರಿ ಅಂತ ಹೇಳ್ದೆ. ಎಲ್ಲಿ ತೆಗೀಲಿ? ಅಕ್ಷರದ ಮ್ಯಾಲ ಕರಿಮಣ್ಣು ಮೆತ್ತಿ ಗ್ವಾಡಿಗಿ ಹಚ್ಚಿಬಿಟ್ಟೆ.” ಹೇಳಿ, ಬೊಚ್ಚುಬಾಯಿ ತೆರೆದು ನಕ್ಕ.

ಅವತ್ತೇ ಗೋಡೆ ಒಡೆಸಬಹುದಿತ್ತು. ಆದರೆ ಲುಂಬಿನಿಗೆ ಅಷ್ಟರಲ್ಲಿ ತೃಪ್ತಿಯಿಲ್ಲ. ಮುಚ್ಚಿಸಿದವನ ಕೈಯಿಂದಲೇ ತೆರೆಸಬೇಕು, ಅದೂ ನಾಲ್ಕು ಜನರ ಮುಂದೆ. ಶಾಲು, ಹಾರ ಹಿಡಿದು ಸಾಹುಕಾರರ ಮನೆಗೆ ಹೋದಳು.

“ನಿಮ್ಮ ಅಪ್ಪಾರ ಹೆಸರು ಗ್ವಾಡ್ಯಾಗ ಯಾರಿಗೂ ಕಾಣ್ಸಲ್ರಿ. ತೋಟದ ನಡುವ ಎರಡು ಕಂಬಕ್ಕ ನಿಂದ್ರಸಮು. ನಿಮ್ಮ ಕೈಲೇ ನೀರು ಹಾಕ್ಸಿ ಪೂಜಾ ಮಾಡಮು.”

ಅಮೃತಪ್ಪ ಉಬ್ಬಿಹೋದರು. “ನೀ ಭಾಳ ಛಲೋ ಮನಸ್ಸಿನಾಕಿ, ಬಾಯಿ.”

ಲುಂಬಿನಿ ನಕ್ಕಳು. ಆ ಮನೆಯಲ್ಲಿ ಚಹಾ ಕುಡಿಯುವುದು ವಿಷ ಕುಡಿದಷ್ಟು ಕಷ್ಟವಾಯಿತು, ಆದರೂ ಕುಡಿದಳು.

ಪೂಜೆಯ ದಿನ ವಾಡಿಯಿಂದ, ಚಿತ್ತಾಪುರದಿಂದ ಸಾಹುಕಾರರ ಬೀಗರು ಬಂದರು. ಬಂದೇಅಲಿಯ ಮಗ ಮೆಹತಾಬ್ ಕಲ್ಲನ್ನು ಜೋಪಾನವಾಗಿ ತೆಗೆದು ನಿಲ್ಲಿಸಿದ್ದ. ಹಿಂಬದಿಯ ಮಣ್ಣನ್ನು ಉಗುರಿನಿಂದಲೂ ಮುಟ್ಟಿರಲಿಲ್ಲ. ಅಮೃತಪ್ಪ ತಂದೆಯ ಹೆಸರಿನ ಮೇಲೆ ಬಾವಿಯ ನೀರು ಸುರಿದರು. ಚಪ್ಪಾಳೆ ಬಿತ್ತು.

“ಹಿಂದನೂ ಹಾಕ್ರಿ ಸಾಹುಕಾರ್ರೆ,” ಲುಂಬಿನಿ ಮೈಕಿನಲ್ಲೇ ಹೇಳಿದಳು. “ಮಣ್ಣು ಹತ್ಯಾದ. ಅರ್ಧಾ ತೊಳದ್ರ ಛಂದ ಕಾಣಲ್ಲ.”

ಅವರು ಒಂದು ಗಳಿಗೆ ತಡೆದರು. ಅಳಿಸಿಹೋದ ಕಲ್ಲಿಗೆ ಹೆದರುವುದೇನಿದೆ? ಕೊಡ ಎತ್ತಿದರು. ಮಣ್ಣು ನೆನೆಯಿತು. ಮೆಹತಾಬ್ ಇನ್ನೊಂದು ಕೊಡ ಕೈಗಿತ್ತ. ಮಣ್ಣು ಹೆಂಟೆಹೆಂಟೆಯಾಗಿ ಜಾರಿತು. ಮುಂದೆ ಕುಳಿತಿದ್ದ ಬೀಗರೊಬ್ಬರು ತಂದೆಯ ಗುಣಗಾನವಿರಬೇಕೆಂದುಕೊಂಡು ಗಟ್ಟಿಯಾಗಿ ಓದಿಯೇಬಿಟ್ಟರು:

“ಈ ನೆಲ, ಈ ಬಾವಿ ರಮಾಬಾಯಿ ಕೊಟ್ಟದ್ದು. ಜಗದೇವಪ್ಪನ ಬೇಲಿ ಇಲ್ಲದ ಗಣಿಯಲ್ಲಿ ಸತ್ತ ಮಗ ಜೈಭೀಮನ ನೆನಪಿಗೆ. ಇಲ್ಲಿ ಮಕ್ಕಳು ಆಡಲಿ. ಯಾರಾದರೂ ಬರಬಹುದು.”

ಚಪ್ಪಾಳೆ ಬೀಳಲಿಲ್ಲ. ಬೀಗರು ಕಲ್ಲಿನ ಮುಂದೆ ಬಂದು ನೋಡಿದರು, ಹಿಂದೆ ಹೋಗಿ ನೋಡಿದರು. ಎರಡೂ ಕಡೆ ಜಗದೇವಪ್ಪ. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿದರು.

ಅಮೃತಪ್ಪನ ಪಂಚೆ ಕೆಸರಾಗಿತ್ತು, ಕೊಡ ಇನ್ನೂ ಕೈಯಲ್ಲೇ ಇತ್ತು. ಲುಂಬಿನಿಯ ಹತ್ತಿರ ಬಂದು ದನಿ ತಗ್ಗಿಸಿದರು. “ಬಾಯಿ, ನಾ ಹೊಸಾ ಕಲ್ಲು ಕೊಡ್ತೀನ್ರಿ. ನಿಮ್ಮ ಆಯಿ ಹೆಸರೊಂದೇ ದೊಡ್ಡದಾಗಿ ಕೆತ್ತಸ್ತೀನಿ. ಇದನ್ನ ಒಯ್ಲಿಕ್ಕ ಬಿಡ್ರಿ. ಕೈ ಮುಗೀತೀನಿ.”

ಇಷ್ಟು ವರ್ಷ ಆಕೆ ಕಾದದ್ದು ಈ ಮುಖ ನೋಡಲಿಕ್ಕೇ. ಕಣ್ತುಂಬ ನೋಡಿದಳು. ಕನಿಕರ ಬರಲಿಲ್ಲ, ಬರಲೆಂದು ಆಕೆಗೆ ಅನಿಸಲೂ ಇಲ್ಲ.

“ಹೊಸಾ ಕಲ್ಲು ಯಾಕ್ರಿ ಸಾಹುಕಾರ್ರೆ? ಇದು ಇಲ್ಲೇ ಇರ್ತದ. ನೀವು ದಿನಾ ಬಂದು ಓದ್ರಿ. ಯಾರಾದರೂ ಬರಬಹುದು ಅಂತ ನಮ್ಮ ಆಯಿ ಬರೆಸ್ಯಾಳ.”