ಕೆಂಪಯ್ಯ ಬದುಕಿರುವ ಸುದ್ದಿ

ಕಾಗೆ ತಲೆಗೆ ಬಡಿದಾಗ ಕೆಂಪಯ್ಯ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಎಲ್ಲಿಂದಲೋ ಹಾರಿ ಬಂದು ನೆತ್ತಿಗೆ ಕಾಲು ತಾಗಿಸಿ ಹೋಯಿತು, ಅಷ್ಟೇ. ಅವನೊಬ್ಬನೇ ಇದ್ದಿದ್ದರೆ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದ. ಆದರೆ ಬುತ್ತಿ ಹೊತ್ತು ಬರುತ್ತಿದ್ದ ಹೆಂಡತಿ ಹೊಂಬಾಳಮ್ಮ ನೋಡಿಬಿಟ್ಟಳು. ಕಾಗೆ ತಲೆ ಮುಟ್ಟಿದರೆ ಸಾವು ಬಾಗಿಲಿಗೆ ಬಂದು ನಿಂತಂತೆ ಎಂದು ಬೆಳಕವಾಡಿ ಸುತ್ತಮುತ್ತ ಹಸುಗೂಸಿಗೂ ಗೊತ್ತು.

ಪರಿಹಾರವೂ ಗೊತ್ತು. ಆ ಮನುಷ್ಯ ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಕಣ್ಣೀರು ನೆಲಕ್ಕೆ ಬಿದ್ದರೆ, ಬಂದ ಸಾವು ತನ್ನ ಕೆಲಸ ಆಯಿತೆಂದುಕೊಂಡು ವಾಪಸ್ಸು ಹೋಗುತ್ತದೆ. ಆಮೇಲೆ ಅತ್ತವರಿಗೆಲ್ಲ ನಿಜ ಹೇಳಿ, ಪಾಯಸ ಕುಡಿಸಿ, ನಗಿಸಬೇಕು. ಒಬ್ಬರು ನಂಬಿಕೊಂಡೇ ಉಳಿದರೂ ದೋಷ ಅಲ್ಲೇ ಕೂತಿರುತ್ತದೆ. ಸಾವಿಗೇ ಟೋಪಿ ಹಾಕಲು ಹೊರಟ ಜನ ನಾವು, ಅದಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದೇವೆ.

ಹೊಂಬಾಳಮ್ಮ ಆಳು ಕಳಿಸಿದ್ದು ತನ್ನ ತಮ್ಮ ಕರಿಯಯ್ಯನ ಹತ್ತಿರಕ್ಕೆ. ಅವನು ಗಗನಚುಕ್ಕಿ ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್. ಯಾರ ಗದ್ದೆಯಲ್ಲಿ ಕಬ್ಬು ಎಷ್ಟು ಬಲಿತಿದೆ ಎಂದು ನೋಡಿ ಆಫೀಸಿಗೆ ತಿಳಿಸುವುದು ಅವನ ಕೆಲಸ. ಬಾವ ಅಂದರೆ ಅವನಿಗೆ ಪ್ರಾಣ. ಸುದ್ದಿ ಕೇಳಿ ಎದೆ ಬಡಿದುಕೊಂಡು ಅತ್ತ. ಸೈಕಲ್ಲು ಹತ್ತುವ ಮೊದಲು, ಮೂಗು ಒರೆಸಿಕೊಳ್ಳುತ್ತಲೇ, ಆಫೀಸಿಗೆ ಹೋಗಿ ಒಂದು ಚೀಟಿ ಬರೆದು ಕೊಟ್ಟ. ಒಪ್ಪಂದದ ರೈತ ಸತ್ತರೆ ಅವತ್ತೇ ತಿಳಿಸಬೇಕು, ತಡವಾದರೆ ಮೆಮೊ. ಆ ವರ್ಷ ಬಂದ ಹೊಸ ರೂಲು ಅದು.

ಊರಿಗೆ ಬಂದರೆ ಬಾವ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದಾನೆ!

"ಏನ್ಲಾ ಬಾಮೈದ, ನನ್ನ ಮಣ್ಣು ಮಾಡಕ್ಕೆ ಬಂದ್ಯಾ?"

ಕರಿಯಯ್ಯ ಅವನ ಬೆನ್ನಿಗೆ ಗುದ್ದಿದ, ತಬ್ಬಿಕೊಂಡ, ಇನ್ನೊಂದು ಸಲ ಅತ್ತ. "ಇನ್ನೊಂದ್ಸಲ ಇಂಗೆ ಏಳ್ಕಳ್ಸಿ ನೋಡು ಬಾವ, ನಾನೇ ಸಾಯಿಸ್ಬುಡ್ತೀನಿ" ಎಂದ. ಬೀದಿಯವರೆಲ್ಲ ನಕ್ಕರು. ಹೊಂಬಾಳಮ್ಮ ಪಾಯಸ ಬಡಿಸಿದಳು. ಚೀಟಿಯ ನೆನಪು ಅವನಿಗೆ ಬಂದದ್ದು ಪಾಯಸದ ಲೋಟ ಕೆಳಗಿಟ್ಟ ಮೇಲೆ. ನಾಳೆ ಹೋಗಿ ಹರಿದು ಹಾಕಿದರಾಯಿತು ಅಂದುಕೊಂಡ.

ಅವನು ಹೋಗುವ ಹೊತ್ತಿಗೆ ಚೀಟಿ ತೂತು ಕೊರೆದ ಕಾರ್ಡಾಗಿ, ಕಾರ್ಡು ಕಂಪ್ಯೂಟರಿನ ಹೊಟ್ಟೆ ಸೇರಿತ್ತು.

ಇದು ಎಪ್ಪತ್ತೆಂಟನೇ ಇಸವಿಯ ಮಾತು. ಕಾರ್ಖಾನೆ ಅದರ ಹಿಂದಿನ ವರ್ಷದವರೆಗೂ ಏದುಸಿರು ಬಿಡುತ್ತಿತ್ತು. ಕಬ್ಬು ಕಡಿಯುವ ಸರದಿ ಗೊತ್ತುಮಾಡುವ ಅದರ ಹಳೆಯ ಪ್ರೋಗ್ರಾಮು ಮುದಿ ಎತ್ತಿನ ಹಾಗೆ ಎಳೆಯುತ್ತಿತ್ತು. ಸರದಿ ತಡವಾದ ರೈತರು ಮುಂದಿನ ವರ್ಷ ಒಪ್ಪಂದಕ್ಕೇ ಬರದೆ ಆಲೆಮನೆಗೋ, ಮದ್ದೂರಿನ ಕಡೆಯ ಬೇರೆ ಕಾರ್ಖಾನೆಗೋ ಹೊರಳುತ್ತಿದ್ದರು. ಹೀಗೇ ಆದರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಮ್ಯಾನೇಜರ್ ಪಾರ್ಥಸಾರಥಿಗಳು ಹೈದರಾಬಾದಿನಿಂದ ಹೊಸ ಕಂಪ್ಯೂಟರು ತರಿಸಿದರು. ಹೊಸ ಪ್ರೋಗ್ರಾಮು ಬರೆಯಲು ಮಂಡ್ಯದ ಹುಡುಗ ಕಸ್ತೂರಿರಂಗನನ್ನು ತಂದರು.

ಕಸ್ತೂರಿರಂಗ ಬುದ್ಧಿವಂತ. ಹಳೆಯದರಲ್ಲಿ ಸುಮ್ಮನೆ ಹೊತ್ತು ತಿನ್ನುವುದನ್ನೆಲ್ಲ ಹುಡುಕಿ ಹುಡುಕಿ ಕಿತ್ತುಹಾಕಿದ. ಸತ್ತವರ ಕಾರ್ಡನ್ನು ತಿಥಿ ಮುಗಿಯುವವರೆಗೆ ಪಕ್ಕಕ್ಕಿಟ್ಟು, ವಿಚಾರಿಸಿ, ಆಮೇಲೆ ತೆಗೆಯುವ ಪದ್ಧತಿಯೊಂದಿತ್ತು. ಅದನ್ನೂ ಕಿತ್ತ. "ಸತ್ತವನು ಎದ್ದು ಬರೋದುಂಟೇ?" ಎಂದು ಕೇಳಿದ್ದ, ಎಲ್ಲರೂ ನಕ್ಕಿದ್ದರು. ಹೊಸ ಪ್ರೋಗ್ರಾಮು ದಿನದಿನವೂ ಪಟ್ಟಿ ಉಗುಳತೊಡಗಿತು. ಪಾರ್ಥಸಾರಥಿಗಳು ಸಿಹಿ ಹಂಚಿದರು. ಬದುಕಿನಿಂದ ಸಾವಿಗೆ ಅದರಲ್ಲಿ ದಾರಿಯಿತ್ತು, ಸಾವಿನಿಂದ ಬದುಕಿಗೆ ಇರಲಿಲ್ಲ.

ಎಡಗಡೆಯವರ ಕಬ್ಬು ಕಡಿದರು. ಬಲಗಡೆಯವರದೂ ಕಡಿದರು. ನಾಲೆಯ ಆಚೆಯವರದೂ ಆಯಿತು. ಕಾರ್ಖಾನೆಯ ಬೋರ್ಡಿನಲ್ಲಿ ಕೆಂಪಯ್ಯನ ಹೆಸರು ಮಾತ್ರ ಬರಲಿಲ್ಲ. ಕಡಿದ ಬಯಲಿನ ನಡುವೆ ಅವನ ಕಬ್ಬೊಂದೇ ನಿಂತಿತ್ತು, ಹೂ ಬಿಟ್ಟು, ಭಾರಕ್ಕೆ ಒಂದರ ಮೇಲೊಂದು ಒರಗಿಕೊಂಡು. ಸುತ್ತ ಕಡಿದಾದ ಮೇಲೆ ಉಳಿದ ಗದ್ದೆಗೆ ಏನೇನು ಸೇರುತ್ತದೆ ಎಂದು ಕಬ್ಬು ಕಡಿಯುವವರನ್ನು ಕೇಳಬೇಕು. ಸುತ್ತಲ ಇಲಿ ಹೆಗ್ಗಣಗಳಿಗೆಲ್ಲ ಅದೊಂದೇ ಆಸರೆ. ಅವುಗಳ ಹಿಂದೆಯೇ ಹಾವು. ಸಂಜೆಯಾದರೆ ಗಾಳಿಯಿಲ್ಲದೆಯೂ ಆ ಕಬ್ಬು ಸರಸರ ಅನ್ನುತ್ತಿತ್ತು. ನಾಯಿ ಬದುವಿನವರೆಗೆ ಬಂದು ನಿಂತು ಬೊಗಳುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ.

ಕರಿಯಯ್ಯ ಬಾವನನ್ನೂ ಅಕ್ಕನನ್ನೂ ಕರೆದುಕೊಂಡು ಕಸ್ತೂರಿರಂಗನ ಮುಂದೆ ನಿಂತ. "ಸಾರ್, ತಪ್ಪು ನಂದು. ನೋಡಿ, ಬಾವ ಇಲ್ಲೇ ನಿಂತವ್ನೆ."

ಕಸ್ತೂರಿರಂಗ ಕೆಟ್ಟವನಲ್ಲ. ತಿದ್ದುಪಡಿಯ ಕಾರ್ಡು ಹಾಕಿಸಿದ. 'ಖಾತೆದಾರ ಮೃತ' ಎಂದು ಯಂತ್ರ ವಾಪಸ್ಸು ಕಳಿಸಿತು. ಹೊಸ ರೈತನೆಂದು ದಾಖಲು ಮಾಡಿಸಿದ. ಆ ಸರ್ವೆ ನಂಬರು ಸತ್ತವನ ಹೆಸರಿನಲ್ಲಿದೆ, ವಾರಸುದಾರರನ್ನು ಬಿಟ್ಟು ಬೇರೆ ಯಾರಿಗೂ ಕೊಡುವಂತಿಲ್ಲ ಎಂದಿತು. ಸತ್ತವರ ಗದ್ದೆಯನ್ನು ಕಂಡವರು ಹೊಡೆದುಕೊಳ್ಳಬಾರದೆಂದು ಆ ಬೀಗವನ್ನು ಹಾಕಿದ್ದವನೂ ಅವನೇ. ಮೇಲೆ ಹೋಗಿ ಪಾರ್ಥಸಾರಥಿಗಳನ್ನು ಕೇಳಿದ. ಕಬ್ಬು ಅರೆಯುವ ಸೀಜನ್ನು ಮುಗಿಯುವವರೆಗೆ ಪ್ರೋಗ್ರಾಮು ಮುಟ್ಟಕೂಡದು, ಒಬ್ಬನಿಗೋಸ್ಕರ ಕಾರ್ಖಾನೆ ನಿಲ್ಲಿಸಲೇ ಎಂದು ಗದರಿ ಕಳಿಸಿದರು.

"ಒಂದೇ ದಾರಿ ಇದೆ" ಎಂದ ಕಸ್ತೂರಿರಂಗ, ಯಾರ ಮುಖವನ್ನೂ ನೋಡದೆ. "ವಾರಸುದಾರಳು ಅಂತ ನಿಮ್ಮ ಹೆಂಡತಿ ಅರ್ಜಿ ಕೊಟ್ಟರೆ ಸರದಿ ಬರುತ್ತೆ. ದಿವಂಗತ ಕೆಂಪಯ್ಯನ ಪತ್ನಿ ಅಂತ ಒಂದು ಹೆಬ್ಬೆಟ್ಟು."

ಹೊಂಬಾಳಮ್ಮ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಕಬ್ಬು ಬೆಂದೋಗ್ಲಿ ಸ್ವಾಮಿ. ಗಂಡನ್ನ ಮುಂದಿಟ್ಕೊಂಡು ಮುಂಡೆ ಅಂತ ಬೆರಳೊತ್ತಾಕಿಲ್ಲ."

"ವರ್ಸದ ಬೆಳೆ ಕಣಮ್ಮಿ" ಎಂದ ಕೆಂಪಯ್ಯ. "ಒಪ್ಪಂದದ ಕಬ್ಬು ಬ್ಯಾರೆ ಕಡೀಕೆ ಸಾಗ್ಸಿದ್ರೆ ಗಾಡಿ ಇಡಿತಾರೆ. ಒಣಗಿ ಸೌದೆ ಆಯ್ತದೆ."

"ಆಗ್ಲಿ ಬುಡು" ಎಂದಳು. ಆಮೇಲೆ ಕಸ್ತೂರಿರಂಗನ ಕಡೆ ತಿರುಗಿ, "ಆ ಮಿಷನ್ನು ಎಲ್ಲಿಟ್ಟಿದ್ದೀರಿ? ವಸಿ ತೋರ್ಸಿ" ಎಂದಳು.

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಸುಳ್ಳು ಸುದ್ದಿ ನಂಬಿದವರಲ್ಲಿ ನಿಜ ತಿಳಿಯದೆ ಉಳಿದಿದ್ದು ಅದೊಂದೇ. ಮಾರನೆಯ ದಿನ ಪಾಯಸ ಮಾಡಿಕೊಂಡು ಬಂದಳು. ಕಸ್ತೂರಿರಂಗನಿಗೆ ಬೇಡವೆನ್ನುವ ಮುಖವಿರಲಿಲ್ಲ, ಚಪ್ಪಲಿ ಬಿಡಿಸಿ ಒಳಗೆ ಬಿಟ್ಟ. ಹೊರಗೆ ಸುಡುವ ಬಿಸಿಲು, ಆ ಕೋಣೆಯೊಳಗೆ ಮಾತ್ರ ಚಳಿ. ಕಬ್ಬಿಣದ ಬೀರುಗಳ ಹಾಗೆ ನಿಂತ ಯಂತ್ರದ ಮುಂದೆ ಅವಳು ಲೋಟ ಇಟ್ಟು ಕೈ ಮುಗಿದಳು.

"ಬದುಕವ್ರೆ ಕಣಪ್ಪ, ನಮ್ಮೆಜಮಾನ್ರು ಬದುಕವ್ರೆ. ಸುಳ್ಳು ಏಳ್ಕಳ್ಸಿದ್ದು ನಾನು, ತಪ್ಪಾಯ್ತು. ವಸಿ ನಗಪ್ಪ."

ಬಾಗಿಲಲ್ಲಿ ನಿಂತ ಗುಮಾಸ್ತರೊಬ್ಬರು ಕಿಸಕ್ಕೆಂದರು. ಕಸ್ತೂರಿರಂಗನಿಗೆ ನಗು ಬರಲಿಲ್ಲ. ಯಂತ್ರ ಗಡಗಡ ಎಂದು ನಾಳೆಯ ಪಟ್ಟಿ ಹೊರಹಾಕಿತು. ಅವನು ಆಸೆಯಿಂದ, ನಾಚಿಕೆಯಿಲ್ಲದ ಆಸೆಯಿಂದ, ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. ಹೆಸರಿರಲಿಲ್ಲ. ಹೊಂಬಾಳಮ್ಮ ಅವನ ಮುಖ ನೋಡಿಯೇ ತಿಳಿದುಕೊಂಡು, ಲೋಟ ಎತ್ತಿಕೊಂಡು ಹೊರಟಳು. "ನಂಬನಿಲ್ಲ" ಎಂದಷ್ಟೇ ಹೇಳಿದಳು.

ಕೆಂಪಯ್ಯ ಎಷ್ಟು ದಿನ ತಾನೇ ತಡೆದಾನು? ಹೆಂಡತಿಗೆ ಮಳವಳ್ಳಿ ಸಂತೆ ಎಂದು ಹೇಳಿ ನೇರ ಆಫೀಸಿಗೆ ಬಂದ. "ಎಬ್ಬೆಟ್ಟಿಗೆ ಗಂಡು ಎಣ್ಣು ಅಂತ ಏನಿದ್ದದು ಸ್ವಾಮಿ? ಕೊಡಿ" ಎಂದು ಶಾಯಿಯ ಡಬ್ಬಿ ಎಳೆದುಕೊಂಡು, ದಿವಂಗತ ಕೆಂಪಯ್ಯನ ಪತ್ನಿಯ ಜಾಗದಲ್ಲಿ ತನ್ನ ಹೆಬ್ಬೆಟ್ಟನ್ನೇ ಒತ್ತಿದ. ಅವಳ ಕೈಯಲ್ಲಿ ಒತ್ತಿಸಲಿಲ್ಲವಲ್ಲ ಎಂಬ ಸಮಾಧಾನ ಅವನಿಗೆ. ಕಸ್ತೂರಿರಂಗ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅಲ್ಲಿ ನೋಡಲು ಚಿಮಣಿಯ ಹೊಗೆ ಬಿಟ್ಟರೆ ಬೇರೇನೂ ಇರಲಿಲ್ಲ.

ಸರದಿ ಬೇಗನೆ ಬಂತು. ಹೊಸ ಪ್ರೋಗ್ರಾಮು ನಿಜವಾಗಿಯೂ ಚುರುಕು.

ಕಡಿಯುವ ಆಳುಗಳು ಬಂದರು, ಬದುವಿನ ಮೇಲೆ ನಿಂತು ಒಳಗೆ ಇಣುಕಿದರು. ಬಿದ್ದ ಕಬ್ಬು ಚಾಪೆ ಹೆಣೆದಂತೆ ಆಗಿತ್ತು, ಕಾಲಿಡುವ ನೆಲವೇ ಕಾಣುತ್ತಿರಲಿಲ್ಲ. "ಬೆಂಕಿ ಆಕಿ ಆಮ್ಯಾಕೆ ಕಡಿಯವಾ ಯಜಮಾನ್ರೆ" ಎಂದ ಅವರ ಮೇಸ್ತ್ರಿ. ಸುಟ್ಟ ಕಬ್ಬು ಕಾರ್ಖಾನೆ ತೆಗೆದುಕೊಳ್ಳುವುದಿಲ್ಲ ಎಂದು ಕೆಂಪಯ್ಯ ಬೈದ. "ನಿಮ್ಗೆ ಜೀವಭಯ. ನಾನು ಎಂಗೂ ಸತ್ತೋನು, ನನಗೇನ್ಲಾ?" ಎಂದು ನಗುತ್ತ, ಮಚ್ಚು ಹಿಡಿದು ತಾನೇ ಮೊದಲು ನುಗ್ಗಿದ.

ಅವನ ಕೂಗು ಕೇಳಿಸಿದಾಗ ಹೊಂಬಾಳಮ್ಮ ಗಾಡಿಯ ಹತ್ತಿರ ನೀರು ಕೊಡುತ್ತಿದ್ದಳು. ಮಂಡಲದ ಹಾವು. ಮಳವಳ್ಳಿ ಆಸ್ಪತ್ರೆಗೆಂದು ಗಾಡಿ ಕಟ್ಟಿದರು. ಅರ್ಧ ದಾರಿಗೆ ಗಾಡಿಯನ್ನು ಊರಿನ ಕಡೆಗೇ ತಿರುಗಿಸಬೇಕಾಯಿತು.

ಹೋದ ಸಲ ಹೋಗಿದ್ದ ಆಳೇ ಕರಿಯಯ್ಯನ ಹತ್ತಿರ ಓಡಿದ. "ಅಣ್ಣೋ, ನಿಮ್ಮ ಬಾವ ಓಗ್ಬುಟ್ರು. ಆವು ಕಚ್ತು."

ಕರಿಯಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಮತ್ತೆ ಬಡೀತಾ ಕಾಗೆ? ಓಗ್ಲಾ, ಒಂದ್ಸಲ ಅತ್ತಿದ್ದೀನಿ ಸಾಕು."

ಆಳು ಅವನ ಕಾಲು ಹಿಡಿದು ಅತ್ತ.

"ಏನ್ ಚೆಂದಾಗಿ ಅಳ್ತೀಯ್ಲಾ! ಪಾಯಸಕ್ಕೆ ಏಲಕ್ಕಿ ವಸಿ ಜಾಸ್ತಿ ಆಕು ಅಂತ ಅಕ್ಕಂಗೆ ಏಳು. ಡ್ಯೂಟಿ ಮುಗಿಸ್ಕಂಡು ಬತ್ತೀನಿ. ಆಫೀಸ್ಗೆ ಚೀಟಿ ಬರಿಯೋ ಕ್ಯಾಮೆನೂ ಇಲ್ಲ ಈ ಸಲ. ಅಲ್ಲಿ ಬಾವ ಎಂದೋ ಸತ್ತವ್ನೆ."

ಸಂಜೆ ಬೀದಿಯ ತಿರುವಿನಿಂದಲೇ ಬೆಲ್ಲು ಬಾರಿಸುತ್ತ ಬಂದ. ಮನೆ ಮುಂದೆ ಜನ ಸೇರಿದ್ದರು, ಹೆಂಗಸರು ಅಳುತ್ತಿದ್ದರು. ಈ ಸಲ ನಾಟಕ ಜೋರಾಗಿದೆ ಅಂದುಕೊಂಡ. ಬಾವ ಜಗಲಿಯ ಮೇಲೆ, ಹೋದ ಸಲ ಕೂತಿದ್ದ ಜಾಗದಲ್ಲೇ, ಗೋಡೆಗೊರಗಿ ಕೂತಿದ್ದ. ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅದು ಕರಿಯಯ್ಯನಿಗೆ ಗೊತ್ತಿಲ್ಲದ್ದಲ್ಲ, ಆ ಗಳಿಗೆಗೆ ಹೊಳೆಯಲಿಲ್ಲ.

"ಏಳು ಬಾವ, ಮಣ್ಣು ಮಾಡಕ್ಕೆ ಬಂದಿವ್ನಿ" ಎಂದು ನಗುತ್ತ ಬೆನ್ನಿಗೆ ಗುದ್ದಿದ.

ಕೆಂಪಯ್ಯ ಪಕ್ಕಕ್ಕೆ ಒರಗಿ ಬಿದ್ದ. ಕರಿಯಯ್ಯನ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು, ಎಲ್ಲಿಗೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ. ಹೊಂಬಾಳಮ್ಮ ಎದ್ದು ಬಂದು ಗಂಡನನ್ನು ಮೆಲ್ಲಗೆ ಎತ್ತಿ, ಮತ್ತೆ ಗೋಡೆಗೆ ಒರಗಿಸಿದಳು.

"ನಿಜ ಕಣ್ಲಾ ಕರಿಯ" ಎಂದಳು. "ಈ ಸಲ ಅಳು."