ಮಗ್ಗಲು ಹೊರಳಿಸುವ ಹೊತ್ತು

“ಬಾಗಲಾ ಹಾಕ್ಕೋ ಹಡಬಿಟ್ಟಿ, ನಾತ ಪಡಸಾಲಿತನಾ ಬಂದೈತಿ. ನಿನಗ ಮೂಗಿಲ್ಲಂದ್ರ ಮಂದಿಗೂ ಇಲ್ಲೇನ?”

ಗೌಡರ ಹೆಂಡತಿ ಸಣ್ಣ ಗೌಡಸಾನಿಯ ದನಿ ಪಡಸಾಲೆಯಿಂದಲೇ ಬಂತು. ಆಕೆ ಅಲ್ಲಿಂದ ಈಚೆಗೆ ಕಾಲಿಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ರೇವವ್ವ ಮೊಣಕೈಯಿಂದ ಬಾಗಿಲು ನೂಕಿದಳು. ಅವಳ ಎರಡೂ ಕೈಗಳಲ್ಲಿ ಕೀವು ಹತ್ತಿದ ಅರಿವೆಗಳಿದ್ದವು. ಬಾಗಿಲು ಮುಚ್ಚಿದ್ದೇ ತಡ ಕೋಣೆ ಕತ್ತಲಾಯಿತು. ಗೌಡರ ವಾಡೆಯ ಹಿಂಬದಿಗೆ, ದನಗಳ ಹೊಟ್ಟು ಹಿಂಡಿ ಒಟ್ಟಲೆಂದು ಕಟ್ಟಿಸಿದ ಕೋಣೆ ಅದು. ಒಂದೇ ಬೆಳಕಿಂಡಿ. ಅದರಡಿಯ ಹೊರಸಿನ ಮೇಲೆ ಗೌಡರ ತಾಯಿ ಚನ್ನವ್ವ ಮಲಗಿದ್ದಳು.

ಚನ್ನವ್ವನ ಎಡ ಎದೆ ಒಡೆದು ಹುಣ್ಣಾಗಿತ್ತು. ಸಿಂದಗಿಯ ಡಾಕ್ಟರು, ಅವರ ಮೇಲಿನ ಸೊಲ್ಲಾಪುರದ ಡಾಕ್ಟರು, ಇಬ್ಬರೂ ನೋಡಿ ಕೈಚೆಲ್ಲಿದ್ದರು. ಇನ್ನು ಮನೆಯಲ್ಲೇ ಇರಲಿ, ಸ್ವಚ್ಛ ಇಡಿರಿ, ಒಬ್ಬಳನ್ನೇ ಬಿಡಬೇಡಿರಿ ಎಂದಿದ್ದರು. ಮಡಿವಾಳಪ್ಪಗೌಡರು ತಾಯಿಯನ್ನು ಒಬ್ಬಳನ್ನೇ ಬಿಡಲಿಲ್ಲ. ನಡುಮನೆಯಿಂದ ಎತ್ತಿಸಿ ಹೊಟ್ಟಿನ ಕೋಣೆಗೆ ಹಾಕಿಸಿದರು, ಕುರುಬರ ಮಾಳಿಂಗಪ್ಪನ ಹೆಂಡತಿ ರೇವವ್ವನನ್ನು ಕರೆಸಿ ಹಗಲೂ ರಾತ್ರಿ ಜೊತೆಗಿಟ್ಟರು. ಕುರಿಯ ಗಾಯ ತೊಳೆದ ಕೈ, ಇವಳಿಗೆ ಹೇಸಿಕೆ ಇರಲಾರದು ಎಂದು ಅವರೇ ತೀರ್ಮಾನಿಸಿಬಿಟ್ಟರು. ಹೇಸಿಕೆ ಇತ್ತು. ಮೊದಲ ದಿನ ರೇವವ್ವ ಹಿತ್ತಲಿಗೆ ಓಡಿ ಕರುಳು ಬಾಯಿಗೆ ಬರುವಂತೆ ಕಾರಿಕೊಂಡಿದ್ದಳು. ಅದನ್ನು ಕಂಡ ಸಣ್ಣ ಗೌಡಸಾನಿ, ಅಲ್ಲಿ ನೀರು ಹಾಕಿ ತೊಳೆ ಎಂದಷ್ಟೇ ಹೇಳಿದ್ದಳು.

ಕೆಲಸ ಕಲಿಸಿದವಳು ಸಿಂದಗಿ ದವಾಖಾನೆಯ ನರ್ಸು ಸುಲ್ತಾನಬಿ. ಗೌಡರ ಚಕ್ಕಡಿಯಲ್ಲಿ ಒಮ್ಮೆ ಬಂದಿದ್ದಳು. ಉಪ್ಪು ಹಾಕಿ ಕುದಿಸಿದ ನೀರು ಉಗುರುಬೆಚ್ಚಗಾದ ಮೇಲೆ ಮುಟ್ಟಬೇಕು, ಹುಣ್ಣಿಗೆ ಅಂಟಿದ ಅರಿವೆಯನ್ನು ಕೀಳಬಾರದು, ನೆನೆಸಿ ಬಿಡಿಸಬೇಕು ಎಂದು ಮಾಡಿ ತೋರಿಸಿದಳು. ಚಕ್ಕಡಿ ಹತ್ತುವ ಮುಂಚೆ ರೇವವ್ವನನ್ನು ಬದಿಗೆ ಕರೆದಳು.

“ಒಂದ ಮಗ್ಗಲಿಗೆ ಬಿಟ್ಟಿ ಅಂದ್ರ ಬೆನ್ನ ಕೊಳೀತೈತಿ ನೋಡವಾ. ಬೆಳಕಿಂಡಿ ಬಿಸಲ ಗ್ವಾಡಿ ಹಿಡೀತಂದ್ರ ಹೊಳ್ಳಿಸು, ಗ್ವಾಡಿ ಬಿಡ್ತಂದ್ರ ಮತ್ತ ಹೊಳ್ಳಿಸು. ಹುಳ ಬೀಳೂದು ಬ್ಯಾನಿಯಿಂದಲ್ಲ. ಬಿಟ್ಟ ಹೋಗೂದರಿಂದ.”

ಆ ಮಾತು ಕೇಳಿದಾಗಿನಿಂದ ರೇವವ್ವನ ಎದೆಯೊಳಗೆ ಅಂಜಿಕೆ ಹೊಕ್ಕಿತ್ತು. ಏಕೆಂದರೆ ವಾಡೆಯ ಹಿಂದಿನ ಕಣ ದಾಟಿದರೆ ಅವಳ ಗುಡಿಸಲು, ಗುಡಿಸಲಿನಲ್ಲಿ ಅವಳ ಅತ್ತೆ ಶಂಕ್ರೆವ್ವ. ಸುಗ್ಗಿಯಲ್ಲಿ ಇದೇ ಗೌಡರ ಕಣದಲ್ಲಿ ಜೋಳ ತೂರುತ್ತಿದ್ದಾಗ ಶಂಕ್ರೆವ್ವ ಮೊರ ಹಿಡಿದುಕೊಂಡೇ ಕುಸಿದಿದ್ದಳು. ಬಲಗೈ ಬಲಗಾಲು ಸತ್ತವು, ನಾಲಗೆ ತೊಡರಿತು. ಅವಳನ್ನು ಹೊರಳಿಸುವವರು ಯಾರೂ ಇರಲಿಲ್ಲ. ಮಗ ಮಾಳಿಂಗಪ್ಪ ಗೌಡರ ಕುರಿ ಹೊಡೆದುಕೊಂಡು ಭೀಮಾನದಿಯ ದಂಡೆಗೆ ಹೋಗಿದ್ದ. ಸೊಸೆ ಇಲ್ಲಿ. ನೆರೆಯವಳೊಬ್ಬಳು ಕೂಲಿಗೆ ಹೋಗುವ ಮುಂಚೆ ಬಾಯಿಗೆ ಅಂಬಲಿ ಬಿಟ್ಟು ಹೋಗುತ್ತಿದ್ದಳು, ಅಷ್ಟೇ.

ಗಾಳಿ ಈಕಡೆ ಬೀಸಿದರೆ ಶಂಕ್ರೆವ್ವ ಒದರುವುದು ಬೆಳಕಿಂಡಿಯಿಂದ ಕೇಳುತ್ತಿತ್ತು. ಮಾತಲ್ಲ, ಬರೀ ದನಿ. ಚನ್ನವ್ವನ ಹುಣ್ಣಿಗೆ ನೀರು ಹನಿಸುತ್ತ ರೇವವ್ವ ಆ ದನಿಗೆ ಕಿವಿಯಾನಿಸಿ ಕೂಡುತ್ತಿದ್ದಳು. ಇದು ನೀರಡಿಕೆಯದು, ಇದು ಉಚ್ಚೆಯಲ್ಲಿ ಮಲಗಿದ್ದರದು, ಇದು ನೋವಿನದು ಎಂದು ಬರಬರುತ್ತ ಗುರುತು ಸಿಗತೊಡಗಿತು. ಬಿಸಿಲು ಗೋಡೆ ಹಿಡಿಯುತ್ತಿತ್ತು. ಅವಳು ಚನ್ನವ್ವನನ್ನು ಹೊರಳಿಸುತ್ತಿದ್ದಳು. ಹೊರಳಿಸುವಾಗಲೆಲ್ಲ, ಅಲ್ಲಿ ಆ ಬೆನ್ನು ಯಾವ ಮಗ್ಗಲಿಗೆ ಬಿದ್ದಿತ್ತೋ ಅದೇ ಮಗ್ಗಲಿಗೆ ಬಿದ್ದಿದೆ ಎಂಬುದು ನೆನಪಾಗುತ್ತಿತ್ತು.

ಚನ್ನವ್ವನಿಗೂ ಅದು ಕೇಳುತ್ತಿತ್ತು. ಒಂದು ಮುಂಜಾನೆ ಕೇಳಿಯೇಬಿಟ್ಟಳು.

“ಯಾರಕಿ, ಒದರಾಕಿ?”

“ನಮ್ಮತ್ತಿರಿ ಯವ್ವಾ. ಶಂಕ್ರೆವ್ವ.”

ಚನ್ನವ್ವ ಬೆಳಕಿಂಡಿಯ ಕಡೆ ನೋಡಿದಳು. ಒಂದು ಕಾಲಕ್ಕೆ ಈಕೆ ಈ ಬೆಳಕಿಂಡಿಯಲ್ಲಿ ಒಂದು ಕೂಗು ಹಾಕಿದರೆ ಶಂಕ್ರೆವ್ವ ಹಂಚಿನ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು ಕಣ ದಾಟಿ ಓಡಿ ಬರಬೇಕಿತ್ತು. ತಡವಾದರೆ ಬೆನ್ನಿಗೆ ಕಟ್ಟಿಗೆ ತುಂಡು ಬೀಳುತ್ತಿತ್ತು. ಈಗ ಚನ್ನವ್ವ ಒಣಗಿದ ಬೆರಳುಗಳಿಂದ ರೇವವ್ವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

“ನೀ ಹೋಗಬ್ಯಾಡ. ನೀ ಹ್ವಾದಿ ಅಂದ್ರ ನಾ ಒಬ್ಬಾಕಿನ ಸಾಯ್ತೇನಿ. ನನಗ ಅಂಜಿಕಿ ಬರ್ತೈತಿ.”

ಅಷ್ಟು ದೊಡ್ಡ ವಾಡೆಯಲ್ಲಿ ಆಕೆಗೆ ಹೇಳಿಕೊಳ್ಳಲು ಸಿಕ್ಕವಳು ಇವಳೊಬ್ಬಳೇ. ರೇವವ್ವನಿಗೆ ಮುಂಗೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ.

ಸೋಮವಾರ ಮಠದ ಅಯ್ಯನವರು ಬಂದರು. ಹೊಸ್ತಿಲ ಹೊರಗೇ ನಿಂತು, ಶಾಲು ಮೂಗಿಗೆ ಒತ್ತಿಕೊಂಡು, ಇದೆಲ್ಲ ಹಿಂದಿನ ಜನ್ಮದ್ದು ಎಂದರು. ಅಲ್ಲಿಂದಲೇ ವಿಭೂತಿ ತೂರಿದರು. ಅದರಲ್ಲಿ ಹೆಚ್ಚಿನದು ಬಿದ್ದದ್ದು ರೇವವ್ವನ ತಲೆಯ ಮೇಲೆ. ಅಯ್ಯನವರು ಕಾಣಿಕೆ ತೆಗೆದುಕೊಂಡು ಪಡಸಾಲೆಯಲ್ಲಿ ಪ್ರಸಾದಕ್ಕೆ ಕೂತರು.

ಮರುದಿನ ರೇವವ್ವ ಇದ್ದಬದ್ದ ಧೈರ್ಯ ಕೂಡಿಸಿಕೊಂಡು ವಾಡೆಯ ಮುಂದಿನ ಕಟ್ಟೆಯ ಕೆಳಗೆ ಬಂದು ನಿಂತಳು. ಗೌಡರು ಸಾಲೆಯ ಮಾಸ್ತರರ ಜೊತೆ ಕೂತು ರೇಡಿಯೋ ಕೇಳುತ್ತಿದ್ದರು. ಇನ್ನು ಮೇಲೆ ದೇಶದಲ್ಲಿ ಜೀತ ಇಲ್ಲ, ಇಟ್ಟುಕೊಂಡವರಿಗೆ ಜೇಲು ಎಂದು ರೇಡಿಯೋ ಹೇಳುತ್ತಿತ್ತು. ಮಾಸ್ತರರು ಗೌಡರ ಮುಖ ನೋಡಿದರು.

“ನಮ್ಮಲ್ಲಿ ಜೀತ ಎಲ್ಲೈತ್ರಿ ಮಾಸ್ತರ?” ಎಂದು ಗೌಡರು ನಕ್ಕರು. “ಇಕಿನ್ನ ಕೇಳ್ರಿ. ಇಕಿ ನಮ್ಮ ಮನಿ ಮಗಳು. ಹೌದಿಲ್ಲೋ ರೇವಿ?”

ಹೌದ್ರಿ ಎಂದಳು ರೇವವ್ವ. ಆಮೇಲೆ ನೆಲ ನೋಡುತ್ತ ತನ್ನ ಮಾತು ಹೇಳಿದಳು. ಹಗಲಿಗೆ ಒಂದೇ ಒಂದು ಸಲ ಮನೆಗೆ ಹೋಗಿ ಬರುತ್ತೇನೆ, ಅತ್ತೆಯನ್ನು ಹೊರಳಿಸಿ, ಬಾಯಿಗೆ ನೀರು ಬಿಟ್ಟು ಓಡಿ ಬರುತ್ತೇನೆ, ಇಲ್ಲಿಯ ಕೆಲಸಕ್ಕೆ ತಡ ಮಾಡುವುದಿಲ್ಲ.

ಗೌಡರು ರೇಡಿಯೋದ ಕಿವಿ ಹಿಂಡಿ ಬಂದ್ ಮಾಡಿದರು.

“ಆಕೀ ಹೇಲ ಉಚ್ಚಿ ಬಳದ ಕೈಲೆ ಬಂದು ನಮ್ಮವ್ವನ್ನ ಮುಟ್ಟಾಕಿ ನೀ? ನಿಮ್ಮೌನ, ಎಷ್ಟ ಸೊಕ್ಕ ಬಂದೈತಿ ನಿನಗ. ಸತ್ರ ಯಾರರ ಹೇಳಿ ಕಳಸ್ತಾರ. ಆವಾಗ ಹೋಗೀಯಂತ.”

ಮಾಸ್ತರರು ತುಸು ತಡವಾಗಿ ನಕ್ಕರು.

ಹೇಳದೆ ಹೋಗಬಹುದಿತ್ತಲ್ಲ ಎನ್ನಬೇಕಾದರೆ ವಾಡೆಯ ಆಳು ಧರೆಪ್ಪನನ್ನು ನೋಡಿರಬೇಕು. ಕಳೆದ ವರ್ಷ ಅವನು ಹೇಳದೆ ಕೇಳದೆ ಸಕ್ಕರೆ ಕಾರಖಾನೆಗೆ ದುಡಿಯಲು ಹೋಗಿದ್ದ. ಗೌಡರ ಮಂದಿ ಅವನನ್ನು ಹಿಡಿದು ತಂದು ಚಕ್ಕಡಿಯ ಗಾಲಿಗೆ ಬಿಗಿದರು, ಬಾರಕೋಲು ಮುರಿದ ಮೇಲೆ ನೊಗದ ಗೂಟ ತಂದರು. ಎಡಗೈ ಅಂದೇ ಹೋಯಿತು. ಈಗ ಒಂದು ಕೈಯಲ್ಲಿ ದನಗಳಿಗೆ ಜೋಳದ ಕಣಿಕೆ ಹೊತ್ತು ದಿನವೂ ಇದೇ ಕೋಣೆಯ ಮುಂದೆ ಹಾಯುತ್ತಾನೆ. ಇನ್ನೊಂದು ಕೈ ಜೋತಾಡುತ್ತದೆ. ಅವನು ಹಾದುಹೋದಾಗಲೆಲ್ಲ ರೇವವ್ವ ಬಾಗಿಲನ್ನು ಇನ್ನಷ್ಟು ಮುಂದೆ ಮಾಡಿಕೊಳ್ಳುತ್ತಿದ್ದಳು.

ಒದರುವ ದನಿಗೆ ಅಂಜುತ್ತಿದ್ದವಳು ಅದು ನಿಂತುಹೋದ ದಿನ ನಿಜವಾಗಿ ಅಂಜಿದಳು. ಅಂದು ಗಾಳಿ ಈಕಡೆಯೇ ಬೀಸುತ್ತಿತ್ತು. ಕಣದ ಗುಬ್ಬಿಗಳ ಗದ್ದಲ ಕೇಳಿತು, ಯಾರದೋ ಆಡು ಕೂಗಿದ್ದು ಕೇಳಿತು. ನಸುಕಿನಲ್ಲಿ ಬಹಳ ಒದರಿದ್ದ ಶಂಕ್ರೆವ್ವನದು ಮಾತ್ರ ಇಲ್ಲ. ರೇವವ್ವ ಹುಣ್ಣು ತೊಳೆಯುವುದನ್ನು ನಿಲ್ಲಿಸಿ ಬೆಳಕಿಂಡಿಗೆ ಕಿವಿ ಹಚ್ಚಿದಳು. ಅಷ್ಟರಲ್ಲಿ ಹಿತ್ತಲ ಗೋಡೆಯಾಚೆ ಕುರಿ ವಾಸನೆ ಬಂತು, ಬೆನ್ನಿಗೇ ಗಂಡನ ದನಿ.

“ರೇವೀ. ಅವ್ವ ಮಾತಾಡವಲ್ಲಳು.”

ನದಿಯ ದಂಡೆಯಿಂದ ಬೆಳಗಿನ ಜಾವವೇ ಬಂದಿದ್ದನಂತೆ. ಚನ್ನವ್ವನಿಗೆ ನಿದ್ದೆ ಹತ್ತಿತ್ತು. ರೇವವ್ವ ಯಾರನ್ನೂ ಕೇಳಲಿಲ್ಲ. ಕೇಳಬೇಕೆಂಬುದು ನೆನಪಾದದ್ದು ಕಣದ ನಡುವೆ ಓಡುತ್ತಿದ್ದಾಗ.

ಗುಡಿಸಲಿನಲ್ಲಿ ಶಂಕ್ರೆವ್ವ ಕವುಚಿ ಬಿದ್ದಿದ್ದಳು. ಬೆನ್ನ ಮೇಲೆ ಒಂದು ಅರಿವೆ ಬಿಗಿದಿತ್ತು. ಅರಿವೆಯ ಅಂಚಿನಲ್ಲಿ ಬೆಳ್ಳಗೆ ಏನೋ ಸೋರಿ ಒಣಗಿತ್ತು.

“ಏನ ಹಾಕೀರಿ ಇದಕ್ಕ?” ಎಂದಳು ರೇವವ್ವ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದಳು.

ಮಾಳಿಂಗಪ್ಪ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಬೆನ್ನಲ್ಲಿ ಹುಳ ಬಿದ್ದಿದ್ದವು. ಹುಳ ಬಿದ್ದ ಕುರಿಗೆ ಏನು ಮಾಡುತ್ತಾರೋ ಅದನ್ನೇ ಮಾಡಿದೆ ಎಂದ. ತಂಬಾಕಿನ ಪುಡಿಯನ್ನು ಸುಣ್ಣದಲ್ಲಿ ಕಲಸಿ ಗಾಯದೊಳಗೆ ತುಂಬಿದ್ದ, ಮೇಲೆ ಅರಿವೆ ಬಿಗಿದಿದ್ದ. ಕುರಿಯಾದರೆ ಒದ್ದಾಡುತ್ತದೆಂದು ಕಾಲಲ್ಲಿ ಒತ್ತಿ ಹಿಡಿಯುತ್ತಾರೆ.

“ಅವ್ವನ್ನೂ ಹಂಗ ಹಿಡದ್ನಿ,” ಎಂದ. “ಮ್ಯಾಲ ಕುಂತು. ಬಾಳ ಒದರಿದ್ಲು. ಹುಳ ಸಾಯಾಕತ್ತಾವು, ಛಲೋ ಆಗ್ತೈತಿ ಅಂದ್ಕೊಂಡ್ನಿ. ಆಮ್ಯಾಲ ದನೀನ ನಿಂತ್ತು.”

ಅವನು ಅಳತೊಡಗಿದ. ತಾಯಿ ಹೀಗಿದ್ದಾಳೆಂದು ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಸತ್ತಿರಲಿಲ್ಲವಲ್ಲ. ಹುಳ ಬಿದ್ದ ಬೆನ್ನಿಗೆ ಅವನಿಗೆ ಗೊತ್ತಿದ್ದ ಮದ್ದು ಅದೊಂದೇ.

ರೇವವ್ವ ಒಲೆ ಹೊತ್ತಿಸಿದಳು. ಉಪ್ಪು ಹಾಕಿ ನೀರು ಕುದಿಸಿದಳು, ಆರಲು ಬಿಟ್ಟಳು. ಆರುವಷ್ಟು ಹೊತ್ತು ಅತ್ತೆಯ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ಕೂತಳು. ಉಸಿರು ಇತ್ತು. ನೀರು ಹನಿಸಿ ಹನಿಸಿ ಅರಿವೆ ಬಿಡಿಸಿದಳು. ಸುಣ್ಣ ಸುಟ್ಟ ಕಡೆ ಮಾಂಸ ಬೆಂದು ಕಪ್ಪಾಗಿತ್ತು, ಒಂದು ಕಡೆ ಬಿಳಿ ಎಲುಬು ಕಂಡಿತು. ಸುಲ್ತಾನಬಿ ಕಲಿಸಿದ್ದನ್ನೆಲ್ಲ ಅವಳು ಮಾಡಿದಳು. ಮಾಡುತ್ತಲೇ, ಇದನ್ನೇ ನಿತ್ಯ ಇಲ್ಲಿ ಮಾಡಿದ್ದರೆ ಈ ಗಾಯವೇ ಆಗುತ್ತಿರಲಿಲ್ಲ ಎಂದು ತಿಳಿದು ಸಿಟ್ಟು ಬಂತು. ಸಿಟ್ಟಿನ ಅಡಿಗೆ ಅಂಜಿಕೆ ಇದ್ದೇ ಇತ್ತು. ಹೊರಗೆ ಆಗಲೇ ಯಾರೋ ಅವಳ ಹೆಸರು ಹಿಡಿದು ಕೂಗುತ್ತಿದ್ದರು.

ಶಂಕ್ರೆವ್ವ ಒಂದು ಕಣ್ಣು ತೆರೆದಳು. ಆಡುವ ಕೈಯಿಂದ ಸೊಸೆಯ ಸೀರೆಯ ಸೆರಗನ್ನು ಹಿಡಿದಳು. ಚನ್ನವ್ವ ಮುಂಗೈಯನ್ನು ಹಿಡಿದ ಹಾಗೆಯೇ.

“ಕಂಬಳಿ ಕೊಡ್ರಿ ಇಲ್ಲೆ,” ಎಂದಳು ರೇವವ್ವ.

ಕುಂಟುವ ಕುರಿಯನ್ನು ದಾರಿಯಲ್ಲಿ ಬಿಟ್ಟು ಹೋಗುವ ವಾಡಿಕೆ ಕುರುಬರಲ್ಲಿಲ್ಲ. ಕಂಬಳಿಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಹಿಂಡಿನ ಜೊತೆ ನಡೆಯುತ್ತಾರೆ. ಗಾಯಕ್ಕೆ ತಾಗದ ಹಾಗೆ ಕೌದಿ ಇಟ್ಟು ಮಾಳಿಂಗಪ್ಪ ತಾಯಿಯನ್ನು ಹೆಂಡತಿಯ ಬೆನ್ನಿಗೆ ಕಟ್ಟಿದ. ಎಲ್ಲಿಗೆ ಎಂದು ಕೇಳಿದ. ಅವಳು ಹೇಳಿದಾಗ ಅವನ ಕೈ ಗಂಟಿನ ಮೇಲೆಯೇ ನಿಂತವು.

“ಕೊಂದ ಬಿಡ್ತಾರ ರೇವೀ.”

ರೇವವ್ವನಿಗೂ ಹಾಗೇ ಅನ್ನಿಸಿತ್ತು.

ಕಣದ ದಾರಿ ಹಿತ್ತಲಿಗೆ ಹೋಗುತ್ತದೆ. ಕೋಣೆಗೂ ಅದೇ ಹತ್ತಿರ. ಆದರೆ ಕೂಗುತ್ತಿದ್ದ ಆಳು ಹಿತ್ತಲ ಬಾಗಿಲಲ್ಲೇ ನಿಂತಿದ್ದ. ರೇವವ್ವ ಸುತ್ತು ಹಾಕಿ ಊರ ಅಗಸಿಬಾಗಿಲ ಮುಂದಿನಿಂದ ಹಾಯ್ದು ವಾಡೆಯ ತಲೆಬಾಗಿಲಿಗೆ ಬಂದಳು. ನಡುಹಗಲು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಮಾಳಿಂಗಪ್ಪ ಬೇವಿನ ಮರದವರೆಗೆ ಬಂದು ಅಲ್ಲೇ ನಿಂತ. ಮುಂದಕ್ಕೆ ಅವನ ಕಾಲು ಬರಲಿಲ್ಲ. ತಲೆಬಾಗಿಲು, ಪಡಸಾಲೆ, ನಡುಮನೆ. ಸಣ್ಣ ಗೌಡಸಾನಿ ಚೀರಿಕೊಂಡು ಅಡಿಗೆಮನೆಗೆ ಸರಿದಳು. ಯಾರೋ ಗೌಡರನ್ನು ಕರೆಯಲು ಓಡಿದರು. ರೇವವ್ವ ನಿಲ್ಲದೆ ನಡೆದಳು. ಬೆನ್ನ ಮೇಲೆ ಭಾರವೇ ಇರಲಿಲ್ಲ. ಶಂಕ್ರೆವ್ವ ಹಗುರಾಗಿಬಿಟ್ಟಿದ್ದಳು.

ಹೊಟ್ಟಿನ ಕೋಣೆಯಲ್ಲಿ ಚನ್ನವ್ವನಿಗೆ ಎಚ್ಚರವಾಗಿತ್ತು. ಒಬ್ಬಳೇ ಎದ್ದ ಅಂಜಿಕೆಯಿಂದ ಅವಳ ಮುಖವೆಲ್ಲ ಕಣ್ಣೀರಾಗಿತ್ತು. ರೇವವ್ವ ಗಂಟು ಬಿಚ್ಚಿ, ಅತ್ತೆಯನ್ನು ಅದೇ ಹೊರಸಿನ ಇನ್ನೊಂದು ಅಂಚಿಗೆ ಮಗ್ಗಲಾಗಿ ಮಲಗಿಸಿದಳು.

ಗೌಡರು ಬಾರಕೋಲು ಹಿಡಿದೇ ಬಂದರು. ಹೊಸ್ತಿಲವರೆಗೆ ಬಂದರು. ಅಲ್ಲಿ ವಾಸನೆ ಅವರನ್ನು ನಿಲ್ಲಿಸಿತು. ಧೋತರದ ಚುಂಗು ಮೂಗಿಗೆ ಹೋಯಿತು.

“ಹೊರಗ ಒಗಿಯಲೇ ಆ ಹೆಣಾನ. ಯಾರ ಮನಿ ಅಂತ ತಿಳದಿ, ಬೋಸುಡಿ?”

ರೇವವ್ವನ ಬಾಯಿಂದ ಹೊರಟ ದನಿ ಅವಳಿಗೇ ಗುರುತು ಸಿಗಲಿಲ್ಲ.

“ಮನಿ ಮಗಳಂದಿದ್ರೆಲ್ರಿ ಎಪ್ಪಾ. ಇಕಿ ನಿಮ್ಮ ಮಗಳ ಅತ್ತಿ. ನೋಡ್ಕೊಂಡ್ರ ಇಬ್ಬರ್ನೂ ನೋಡ್ಕೋತೇನಿ. ಇಲ್ಲಂದ್ರ ಒಳಗ ಬರ್ರಿ, ನಿಮ್ಮವ್ವನ್ನ ನೀವ ತೊಳೀರಿ.”

ಗೌಡರು ಒಳಗೆ ಬರಲಿಲ್ಲ. ಅಂಗಳಕ್ಕೆ ಮುಖ ತಿರುಗಿಸಿ ಧರೆಪ್ಪನನ್ನು ಕರೆದರು. ಒಳಗೆ ಹೋಗು, ಆ ಅತ್ತೆ ಸೊಸೆ ಎರಡನ್ನೂ ಹೊರಗೆ ಎಳೆ ಎಂದರು. ಧರೆಪ್ಪ ಕಣಿಕೆಯ ಹೊರೆ ಇಳಿಸಿ ಬಂದು ಹೊಸ್ತಿಲ ಹತ್ತಿರ ನಿಂತ. ಒಳಗೆ ನೋಡಿದ. ಜೋತಾಡುವ ತನ್ನ ಕೈ ನೋಡಿಕೊಂಡ.

“ಒಂದ ಕೈಲೆ ಹೆಂಗ ಎಳೀಲ್ರಿ ಧಣಿ?” ಎಂದ.

ಬಾರಕೋಲು ಹೊಸ್ತಿಲಿಗೆ ಬಡಿಯಿತು. ಹೊರಸಿನ ಮೇಲೆ ಚನ್ನವ್ವ ಬೆಚ್ಚಿಬಿದ್ದಳು.

“ಎಂದರ ಹೊರಗ ಬರ್ತೀಯಲ್ಲ,” ಎಂದರು ಗೌಡರು. ದನಿ ಏರಿಸದೆ, ಬಹಳ ನಿಧಾನವಾಗಿ ಎಂದರು. “ಈ ಮುದುಕಿ ಸತ್ತ ದಿನ ಬರಬೇಕಲ್ಲ. ಅಲ್ಲೀತನಾ ಕಾಯ್ತೇನಿ.”

ಯಾವ ಮುದುಕಿ ಎಂದು ಅವರು ಹೇಳಲಿಲ್ಲ. ತನ್ನನ್ನೇ ಎಂದು ಚನ್ನವ್ವನಿಗೆ ತಿಳಿಯಿತು. ಆಕೆ ಮಗನ ಕಡೆ ನೋಡುವುದನ್ನು ಬಿಟ್ಟು ಪಕ್ಕಕ್ಕೆ ನೋಡಿದಳು, ಶಂಕ್ರೆವ್ವನ ತೆರೆದ ಒಂದು ಕಣ್ಣನ್ನು ನೋಡಿದಳು. ಕೌದಿಯ ಚುಂಗನ್ನು ಇತ್ತ ಸರಿಸಲು ಹೋದಳು, ಕೈ ಅರ್ಧಕ್ಕೇ ನಿಂತಿತು.

ರೇವವ್ವ ಬೆಳಕಿಂಡಿ ನೋಡಿದಳು. ಬಿಸಿಲು ಗೋಡೆ ಬಿಟ್ಟಾಗಿತ್ತು. ಹೊರಳಿಸುವ ಹೊತ್ತು ಮೀರಿತ್ತು. ಅವಳು ಬಾಗಿಲಿಗೆ ಬೆನ್ನು ಮಾಡಿ, ಕೈಗಳನ್ನು ಚನ್ನವ್ವನ ಹೆಗಲಡಿಗೆ ತೂರಿಸಿದಳು. ಇನ್ನು ಮೇಲೆ ಈ ಉಸಿರನ್ನು ಅವಳು ತನ್ನ ಉಸಿರಿನ ಹಾಗೆ ಕಾಯಬೇಕಿತ್ತು. ಮೊದಲು ಈಕೆಯನ್ನು ಹೊರಳಿಸಿದಳು, ಆಮೇಲೆ ಆಕೆಯನ್ನು. ಬಾಗಿಲಲ್ಲಿ ಬಾರಕೋಲಿನ ನೆರಳು ಹಾಗೇ ಇತ್ತು.