ದೊರೆಯ ಬಲಗಣ್ಣು

ಆ ಲೆನ್ಸಿನ ಬೆಲೆಗೆ ಒಂದು ಹಳೆಯ ಸ್ಕೂಟರ್ ಬರುತ್ತಿತ್ತು. ಫೋಟೋಗ್ರಾಫರ್ ಸ್ಕೂಟರ್ ಮಾರಿಯೇ ಅದನ್ನು ಕೊಂಡಿದ್ದ. ಅಂದಿನಿಂದ ಓಡಾಟವೆಲ್ಲ ಕಾಲ್ನಡಿಗೆಯಲ್ಲಿ. ಆದರೆ ನಾಯಿ ಬೆಕ್ಕುಗಳ ಮುಖವನ್ನು ಮೀಸೆಯ ಬುಡ ಕಾಣುವಷ್ಟು ಹತ್ತಿರದಿಂದ ತೆಗೆಯುವವನು ಆ ಬೀದಿಗೆಲ್ಲ ಅವನೊಬ್ಬನೇ ಆಗಿದ್ದ. ಈಗ ಸ್ಟುಡಿಯೋದ ನೆಲದ ಮೇಲೆ ಬೋರಲಾಗಿ ಮಲಗಿ, ಕಿಟಕಿಯ ಬೆಳಕಿನಲ್ಲಿ ಕುಳಿತಿದ್ದ ಬೂದು ಬೆಕ್ಕಿನ ಕಣ್ಣಿಗೆ ಸರಿಸಮವಾಗಿ ಕ್ಯಾಮೆರಾ ಹಿಡಿದಿದ್ದ.

"ಚೆನ್ನಾಗಿ ಬರ್ಬೇಕಂತೇನಿಲ್ಲ. ಸರಿಯಾಗಿ ಬಂದ್ರೆ ಸಾಕು," ಎಂದಳು ಬೆಕ್ಕಿನ ಒಡತಿ. "ಇದು ನನ್ನ ದೊರೆ ಅಲ್ಲ."

"ದೊರೆನೇ ಅತ್ತಿಗೆ," ಎಂದಳು ಬೆಂಚಿನ ಮೇಲಿದ್ದ ನಾದಿನಿ.

"ನೀನು ಸುಮ್ನಿರು. ಫೋಟೋ ಹೇಳ್ಲಿ."

ಒಡತಿ ತಿಂಗಳ ಮಟ್ಟಿಗೆ ಪರವೂರಿಗೆ ಹೋಗಿದ್ದಳು. ದಿನಾ ಬಂದು ಬೆಕ್ಕಿಗೆ ಊಟ ಹಾಕುವ ಕೆಲಸ ಗಂಡನ ತಂಗಿಯದು. ತಿರುಗಿ ಬಂದಾಗ ಬೆಕ್ಕು ಇಳಿದುಹೋಗಿತ್ತು. ಒಡತಿಯನ್ನು ಕಂಡು ಮಂಚದಡಿ ನುಗ್ಗಿತು, ನಾದಿನಿ ಕರೆದರೆ ಹೊರಗೆ ಬಂತು. ಅಲ್ಲಿಂದ ಶುರುವಾದ ಅನುಮಾನ ಗೋಡೆಯ ಮೇಲಿನ ಫೋಟೋದ ಹತ್ತಿರ ಬಂದು ಗಟ್ಟಿಯಾಯಿತು. ಅದನ್ನು ತೆಗೆದವನು ಇದೇ ಫೋಟೋಗ್ರಾಫರ್. ಅದರಲ್ಲಿ ದೊರೆಯ ಎಡಗಣ್ಣಿನ ಹಳದಿಯೊಳಗೆ ಸಾಸಿವೆಗಿಂತ ಚಿಕ್ಕದೊಂದು ಕಂದು ಚುಕ್ಕೆ. ಫೋಟೋ ಬರುವ ತನಕ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಎಷ್ಟು ನೋಡಿದರೂ ಈ ಬೆಕ್ಕಿನ ಎಡಗಣ್ಣಿನಲ್ಲಿ ಅದು ಕಾಣಲಿಲ್ಲ.

"ಬಾಗಿಲು ತೆಗೆದಿಟ್ಟು ನನ್ನ ಬೆಕ್ಕನ್ನ ಕಳೆದಿದ್ದಾಳೆ. ಎಲ್ಲಿಂದಲೋ ಇನ್ನೊಂದು ಬೂದು ಬೆಕ್ಕು ಹಿಡ್ಕೊಂಡು ಬಂದಿದ್ದಾಳೆ. ಹೇಳಿದ್ರೆ ನಾನೇನು ನುಂಗ್ತಿದ್ನಾ?"

"ಬೂದು ಬಣ್ಣದ್ದು ಸಿಗ್ಬಹುದು, ಅಹಂಕಾರನೂ ಇಷ್ಟೇ ಇರೋದು ಎಲ್ಲಿ ಸಿಗತ್ತೆ ಅತ್ತಿಗೆ?"

ಫೋಟೋಗ್ರಾಫರ್‌ಗೆ ನಗು ಬಂತು, ನಗಲಿಲ್ಲ. ನಾದಿನಿಯ ಮಣಿಕಟ್ಟಿನ ಮೇಲೆ ಪರಚಿದ ಹೊಸ ಗೀರುಗಳಿದ್ದವು. ಪಳಗಿದ ಬೆಕ್ಕು ಹೀಗೆ ಪರಚುತ್ತದೆಯೇ? ಅವಳು ಒಂದು ಸಲವೂ ಕ್ಯಾಮೆರಾದ ಕಡೆ ನೋಡಿರಲಿಲ್ಲ. ಈ ಹೆಂಗಸು ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡ.

ಬೆರಳಿನಲ್ಲಿ ಕಾಗದ ಮುದುರಿ ಸದ್ದು ಮಾಡಿದ. ಬೆಕ್ಕಿನ ಕಿವಿ ನಿಮಿರಿತು. ಉಸಿರು ಹಿಡಿದು ಮೂರ್ನಾಲ್ಕು ತೆಗೆದು, ಕಂಪ್ಯೂಟರಿಗೆ ಹಾಕಿ ಕಣ್ಣನ್ನು ದೊಡ್ಡದು ಮಾಡಿದ. ಚುಕ್ಕೆ ಇತ್ತು. ಬಲಗಣ್ಣಿನಲ್ಲಿ.

"ನೋಡಿದ್ರಾ!" ಎಂದಳು ಒಡತಿ. ದನಿಯಲ್ಲಿ ಗೆಲುವಿತ್ತು, ಆದರೆ ಕಣ್ಣು ತುಂಬಿಬಂದಿತ್ತು. "ಹಾಗಾದ್ರೆ ನನ್ನ ದೊರೆ ಎಲ್ಲಿದೆ ಹೇಳೇ?"

ನಾದಿನಿ ತೆರೆಯನ್ನೇ ನೋಡುತ್ತ ನಿಂತಳು.

ಅದೇ ಆಕಾರ, ಅದೇ ಗಾತ್ರ, ಅದೇ ಜಾಗ. ಪಕ್ಕ ಮಾತ್ರ ಬೇರೆ. ಫೋಟೋಗ್ರಾಫರ್ ಹಳೆಯ ಫೈಲುಗಳಲ್ಲಿ ಹುಡುಕಿ ಮೂಲ ಚಿತ್ರ ತೆರೆದ. ಅದರಲ್ಲಿಯೂ ಚುಕ್ಕೆ ಬಲಗಣ್ಣಿನಲ್ಲೇ.

"ಅಮ್ಮಾ, ತಪ್ಪು ನಂದು," ಎಂದ. "ಯಜಮಾನರ ಫೋಟೋ ಪಕ್ಕದಲ್ಲಿ ಹಾಕ್ತೀನಿ ಅಂದಿದ್ರಿ. ಬೆಕ್ಕು ಇನ್ನೊಂದು ಕಡೆಗೆ ಮುಖ ಮಾಡಿತ್ತು. ಯಜಮಾನರ ಕಡೆ ನೋಡೋ ಹಾಗಿರ್ಲಿ ಅಂತ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಪ್ರಿಂಟ್ ಹಾಕ್ದೆ. ನಾವೆಲ್ಲ ಮಾಡ್ತೀವಿ, ಯಾರೂ ಕೇಳಲ್ಲ. ಹೇಳೋದು ಮರ್ತುಬಿಟ್ಟೆ."

ಒಡತಿ ಅವನನ್ನೂ ನಾದಿನಿಯನ್ನೂ ಬದಲಿಸಿ ಬದಲಿಸಿ ನೋಡಿದಳು. "ಆಗ ತಿರುಗಿಸಿದ್ದೋ, ಈಗ ತಿರುಗಿಸಿದ್ದೋ? ನಿನ್ನೆನೇ ಇವಳು ಬಂದು ಮಾತಾಡ್ಕೊಂಡು ಹೋಗಿರ್ಬೇಕು. ಫೋಟೋ ತೆಗೆಸೋಣ ಬನ್ನಿ ಅಂತ ಕರೆದವಳೂ ಇವಳೇ ಅಲ್ವಾ!"

ಫೋಟೋಗ್ರಾಫರ್ ಅವಳು ಮನೆಯ ಗೋಡೆಯಿಂದ ತೆಗೆದು ತಂದಿದ್ದ ಫೋಟೋದ ಫ್ರೇಮನ್ನು ಮುಂದಕ್ಕೆ ಸರಿಸಿದ. ಫೋಟೋದ ಕೆಳಗಡೆ, ಬೆಕ್ಕಿನ ಗದ್ದ ಹಿಡಿದ ಒಂದು ಕೈ. ಹೆಬ್ಬೆರಳಿನ ಉಗುರಿನ ಕೆಳಗೆ ಅಡ್ಡವಾಗಿ ಚಾಕು ತಾಗಿದ ಹಳೆಯ ಗುರುತು.

"ಈ ಕೈ ಯಾರದಮ್ಮಾ?"

"ನಂದೇ. ಅಲ್ಲಾಡ್ದೆ ಇರ್ಲಿ ಅಂತ ನೀವೇ ಹಿಡೀರಿ ಅಂದ್ರಲ್ಲ."

"ಇದ್ರಲ್ಲಿರೋ ಹಾಗೇ ಹಿಡೀರಿ, ನೋಡೋಣ."

ಒಡತಿ ಬಲಗೈ ಚಾಚಿ ಫೋಟೋದ ಪಕ್ಕಕ್ಕಿಟ್ಟಳು. ಬೆರಳಿಗೆ ಬೆರಳು ಸರಿಯಾಗಿ ಹೊಂದಿತು. ಆದರೆ ಆ ಹೆಬ್ಬೆರಳಿನಲ್ಲಿ ಗುರುತಿರಲಿಲ್ಲ. ನಿಧಾನವಾಗಿ ಎಡಗೈ ತಿರುಗಿಸಿ ನೋಡಿಕೊಂಡಳು. ಗುರುತು ಅಲ್ಲಿತ್ತು. ಬೆಕ್ಕಿನ ಕೂದಲು ಕೂದಲನ್ನೂ ನೋಡುತ್ತ ಬಂದವಳು ಅದೇ ಫೋಟೋದಲ್ಲಿದ್ದ ತನ್ನ ಕೈಯನ್ನು ಒಂದು ದಿನವೂ ನೋಡಿರಲಿಲ್ಲ.

"ಹಂಗಾದ್ರೆ ಇದು ದೊರೆನೇ," ಎಂದಳು, ಯಾರಿಗೆಂದಿಲ್ಲದೆ. ಆಮೇಲೆ ನಾದಿನಿಯ ಕಡೆ ತಿರುಗಿ, "ಮತ್ತೆ ಆ ಪರಚಿದ ಗಾಯ ಯಾಕೆ ಅಂತ ನೀನಾದ್ರೂ ಹೇಳ್ಬಾರ್ದಿತ್ತಾ?"

"ನೀವು ಹೋದ್ಮೇಲೆ ಅದು ಅನ್ನ ನೀರು ಬಿಟ್ಟಿತ್ತು ಅತ್ತಿಗೆ. ಬಾಯಿ ಬಿಡ್ಸಿ ತಿನ್ನಿಸ್ಬೇಕಾಯ್ತು. ಅಲ್ಲಿ ಕೂತು ಅಳ್ತೀರಿ ಅಂತ ಫೋನಲ್ಲಿ ಹೇಳ್ಲಿಲ್ಲ."

ಫೋಟೋಗ್ರಾಫರ್ ಕ್ಯಾಮೆರಾದ ಪಟ್ಟಿಯನ್ನು ಸುಮ್ಮನೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ನಾದಿನಿ ಚೀಲದಿಂದ ಅತ್ತಿಗೆಯ ಮನೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು.

"ಏ, ಇಟ್ಕೊಳ್ಳೇ. ಏನೋ ಒಂದು ಮಾತು ಬಂತು. ನಾನೇನು ಹೊರಗಿನವಳಾ?"

"ಇವತ್ತು ಕಣ್ಣು ಹೊಂದ್ತು ಅತ್ತಿಗೆ. ನಾಳೆ ಬಾಲ ಹೊಂದ್ಲಿಲ್ಲ ಅಂದ್ರೆ ನಾನೆಲ್ಲಿಗೆ ಹೋಗ್ಲಿ?"

ಅವಳು ಬಾಗಿ ಬೆಕ್ಕಿನ ನೆತ್ತಿ ಸವರಿದಳು, ಉಡುಪಿಗೆ ಅಂಟಿದ ಬೂದು ಕೂದಲನ್ನು ಕೊಡವಿಕೊಂಡು ಬೀದಿಗಿಳಿದಳು. ಬೆಕ್ಕು ಬಾಗಿಲವರೆಗೂ ಹೋಗಿ ಹೊಸ್ತಿಲ ಮೇಲೆ ಕುಳಿತಿತು. ಒಡತಿ ಹಿಂದಿನಿಂದ ಹೋಗಿ ಅದನ್ನು ಎತ್ತಿಕೊಂಡಳು. ಅವಳ ಬೆಕ್ಕು ಅವಳಿಗೆ ಸಿಕ್ಕಿತು. ಮನೆ ಬಿಟ್ಟು ಹೋಗುವಾಗ ಅದನ್ನು ನಂಬಿ ಒಪ್ಪಿಸಲು ಇದ್ದವಳು ಹೊರಟುಹೋದಳು.